ಯಾರೂ ನಪಾಸಾಗದ ಕಾಲೇಜು

ನಮ್ಮ ಕಾಲೇಜಿನಲ್ಲಿ ಯಾರೂ ನಪಾಸಾಗುವುದಿಲ್ಲ. ಇದು ಸಂಸ್ಥೆಯ ಧ್ಯೇಯವೂ ಹೌದು, ಮೊದಲ ವರ್ಷವೊಂದನ್ನು ಬಿಟ್ಟರೆ ಇತಿಹಾಸವೂ ಹೌದು.

ಮಾನ್ವಿಯ ಹತ್ತಿ ವ್ಯಾಪಾರಿ ಗಡಿಗೆಪ್ಪನವರು ಎಪ್ಪತ್ತರ ದಶಕದ ಕೊನೆಯಲ್ಲಿ, ಸರ್ಕಾರದ ಹಂಗಿಲ್ಲದ ಈ ಸ್ವತಂತ್ರ ಪಿಯುಸಿ ಕಾಲೇಜನ್ನು ತಮ್ಮ ಜಿನ್ನಿಂಗ್ ಮಿಲ್ಲಿನ ಶೆಡ್ಡಿನಲ್ಲಿ ಸ್ಥಾಪಿಸಿದರು. ಅರ್ಧ ಶೆಡ್ಡಿನಲ್ಲಿ ಹತ್ತಿಯಿಂದ ಬೀಜ ಬಿಡಿಸುತ್ತಿದ್ದರು, ಇನ್ನರ್ಧದಲ್ಲಿ ವಿಜ್ಞಾನ ವಿಭಾಗ ನಡೆಯುತ್ತಿತ್ತು. ನಡುವೆ ಒಂದು ಗೋಣಿತಟ್ಟು. ಶಿಕ್ಷಣಕ್ಕೆ ಅಷ್ಟು ಮರೆ ಸಾಕೆಂದು ಆಡಳಿತ ಮಂಡಳಿ ತೀರ್ಮಾನಿಸಿತು.

ಮೊದಲ ವರ್ಷ ದೇವದುರ್ಗದ ವಿದ್ಯಾರ್ಥಿಯೊಬ್ಬ ನಪಾಸಾದ. ಮುಂಬಯಿಗೆ ಹೋದ ಹತ್ತಿ ವಾಪಸ್ ಬಂದಾಗಲೂ ಗಡಿಗೆಪ್ಪನವರು ಅಷ್ಟು ಸಂಕಟಪಟ್ಟಿರಲಿಲ್ಲ.

"ಮಾಲು ನೋಡಲಾರದ ಕಳಿಸಿದ್ರ ಹಿಂಗ ಆಗ್ತದ ನೋಡ್ರಿ," ಎಂದು ಪ್ರಾಂಶುಪಾಲ ಮೌನಪ್ಪನವರನ್ನು ತರಾಟೆಗೆ ತೆಗೆದುಕೊಂಡರು.

ಹತ್ತಿಯ ಮಾಲು ನೋಡುವ ಕ್ರಮ ಸರಳ. ಒಂದು ಚಿಟಿಕೆ ಅರಳೆಯನ್ನು ಬೆರಳಲ್ಲಿ ಹಿಡಿದು ಎಳೆಯಬೇಕು. ಎಳೆ ಉದ್ದ ಬಂದರೆ ಉತ್ತಮ, ಬೇಗ ಹರಿದರೆ ಕಳಪೆ. ಗಡಿಗೆಪ್ಪನವರು ಇದನ್ನೇ ನಿಯಮ ಮಾಡಿದರು. ವಿದ್ಯಾರ್ಥಿಯು ಭೌತಶಾಸ್ತ್ರದ ಒಂದು ಪುಟವನ್ನು ಒಂದೇ ಉಸಿರಿನಲ್ಲಿ ಓದತಕ್ಕದ್ದು. ನಡುವೆ ಉಸಿರು ಕಡಿದವರನ್ನು ಪರೀಕ್ಷೆಗೆ ಕಳಿಸತಕ್ಕದ್ದಲ್ಲ.

ಶೆಡ್ಡಿನ ತುಂಬ ಹಾರಾಡುವ ಅರಳೆ ಮೂಗಿಗೆ ಹೋಗಿ ಮಕ್ಕಳೆಲ್ಲ ಕೆಮ್ಮುತ್ತಿದ್ದರು. ಎಂ.ಎಸ್ಸಿ. ಓದಿದ ಮೌನಪ್ಪನವರೂ ಓದಿ ತೋರಿಸಲು ಹೋಗಿ ಎರಡನೇ ಸಾಲಿಗೇ ಕೆಮ್ಮಿದರು, ಕೆಮ್ಮುತ್ತಲೇ ನಿಯಮ ವೈಜ್ಞಾನಿಕವಾಗಿದೆ ಎಂದು ಒಪ್ಪಿದರು. ವರ್ಷ ವರ್ಷಕ್ಕೆ ಪರೀಕ್ಷೆಗೆ ಕೂರುವವರು ಕಡಿಮೆಯಾಗುತ್ತ ಬಂದರು.

೧೯೮೩ರಲ್ಲಿ ಉಳಿದವಳು ದುರುಗಮ್ಮ ಒಬ್ಬಳೇ. ಅವಳ ತಾಯಿ ಗೋಪಮ್ಮ ಅದೇ ಮಿಲ್ಲಿನಲ್ಲಿ ಹತ್ತಿ ಆರಿಸುವವಳು. ಆ ಧೂಳಿನಲ್ಲೇ ಬೆಳೆದ ಮಗಳು ಇಡೀ ಪುಟ ಓದಿ ಮುಂದಿನ ಪುಟಕ್ಕೂ ಕೈಹಾಕಿದಳು. ಪಿಯುಸಿ ಮುಗಿಸಿ ರಾಯಚೂರಿನಲ್ಲಿ ನರ್ಸಿಂಗ್ ಕಲಿಯಬೇಕೆಂಬುದು ಅವಳ ಹಠ.

ಮಂಡಳಿ ತುರ್ತಾಗಿ ಸಭೆ ಸೇರಿತು. ಕೂರುವವಳು ಒಬ್ಬಳೇ, ಅವಳು ನಪಾಸಾದರೆ ಇಡೀ ಕಾಲೇಜೇ ನಪಾಸು.

"ಯಪ್ಪಾ, ಆಕಿ ಪಾಸಾಗ್ತಾಳ್ರಿ. ಹಗಲೂ ರಾತ್ರಿ ಓದಾಕತ್ತಾಳ," ಎಂದು ಗೋಪಮ್ಮ ಕೈಮುಗಿದಳು.

"ಆಗೂದಿಲ್ಲ ಅಂತ ಯಾರಂದ್ರು ಯವ್ವಾ?" ಎಂದರು ಗಡಿಗೆಪ್ಪನವರು. "ಪರೀಕ್ಷಿಗಿ ಕುಂತ್ರ ನಪಾಸಾಗೋ ಭಯ ಅದ. ಕೂಡಲಿಲ್ಲಂದ್ರ ಆ ಭಯಾನೂ ಇಲ್ಲ."

"ಮತ್ತ ನನ್ನ ನರ್ಸಿಂಗ್ರೀ?" ಎಂದಳು ದುರುಗಮ್ಮ.

"ಕಾಲೇಜಿನ ಮರ್ಯಾದಿಗಿಂತ ನರ್ಸಿಂಗ್ ದೊಡ್ಡದೇನವ್ವಾ?" ಎಂದು ಮೌನಪ್ಪನವರು ಕೇಳಿದರು. ಇಂಥ ಪ್ರಶ್ನೆ ಕೇಳಲು ಎಂ.ಎಸ್ಸಿ. ಓದಿರಬೇಕಾಗುತ್ತದೆ. ನಾಚಿಕೆ ಪಠ್ಯಕ್ರಮದಲ್ಲಿ ಇರುವುದಿಲ್ಲ.

ಫಲಿತಾಂಶದ ದಿನ ಆಟೋದಲ್ಲಿ ಮೈಕು ಕಟ್ಟಿ ಪ್ರಕಟಣೆ ಹೊರಡಿಸಲಾಯಿತು: "ಈ ವರ್ಷವೂ ನಮ್ಮ ಕಾಲೇಜಿನ ಒಬ್ಬ ವಿದ್ಯಾರ್ಥಿಯೂ ನಪಾಸಾಗಿಲ್ಲ. ಸಾರ್ವಜನಿಕರು ಇದರ ಸದುಪಯೋಗ ಪಡೆಯತಕ್ಕದ್ದು." ದೇವದುರ್ಗ, ರಾಯಚೂರಿನಿಂದೆಲ್ಲ ತಂದೆತಾಯಿಗಳು ಬಂದು ಸೀಟಿಗಾಗಿ ಜಗಳವಾಡಿದರು. ಪಾಸಾದವರು ಯಾರು ಎಂದು ಒಬ್ಬರೂ ಬಾಯಿಬಿಟ್ಟು ಕೇಳಲಿಲ್ಲ.

ದುರುಗಮ್ಮನನ್ನು ಅದೇ ಕಾಲೇಜಿನಲ್ಲಿ ಉಸಿರು ಪರೀಕ್ಷಕಿಯಾಗಿ ನೇಮಿಸಲಾಯಿತು. ಅವಳು ಪಿಯುಸಿ ಪಾಸಾಗಿಲ್ಲವಲ್ಲ ಎಂಬ ಆಕ್ಷೇಪಕ್ಕೆ ಮಂಡಳಿ, ನಪಾಸೂ ಆಗಿಲ್ಲ ಎಂದು ಲಿಖಿತ ಉತ್ತರ ಕೊಟ್ಟಿತು.

ಕೆಲವು ವರ್ಷಗಳ ನಂತರ ಅವಳ ಎದುರು ಅವಳ ತಂಗಿ ಬಾಲಮ್ಮ ನಿಂತು, ಪುಟವನ್ನು ಒಂದೇ ಉಸಿರಿಗೆ ಓದಿ ಮುಗಿಸಿದಳು.

"ಅಕ್ಕಾ, ನಾ ಪರೀಕ್ಷಿಗಿ ಕುಂದ್ರಲಿ?"

ದುರುಗಮ್ಮ ತಂಗಿಯ ತಲೆ ನೇವರಿಸಿದಳು. "ಭಾಳ ಚೊಲೋ ಓದಿದಿ ತಂಗಿ. ಕುಂತು ಯಾಕ ಕೆಡಿಸ್ಕೋತಿ?"

ಬಾಲಮ್ಮ, ಗೋಣಿತಟ್ಟು ಸರಿಸಿ ಇಣುಕಿದ ತಾಯಿಯ ಮುಖ ನೋಡಿದಳು.

"ಅಕ್ಕ ಹೇಳಿದಂಗ ಕೇಳವ್ವಾ," ಎಂದಳು ಗೋಪಮ್ಮ. "ಆಕಿ ಕಲಿತಾಕಿ."