ನಾಲ್ಕು ಗೆರೆ, ಎರಡು ಉಂಡೆ ಹತ್ತಿ

ಮದುವೆಯಾಗಿ ಇಪ್ಪತ್ತೈದು ವರ್ಷವಾದರೂ ಹೆಂಡತಿಯ ಜೊತೆ ವೇದಿಕೆ ಹತ್ತುವ ಯೋಗ ಬರಲಿಲ್ಲವಲ್ಲ ಎಂಬ ಕೊರಗು ನಾರ್ಬರ್ಟನಿಗಿತ್ತು. ಡಾರ್ಲೀನ್ ಪ್ರಾಯದಲ್ಲಿ ವಿನ್ನಿಪೆಗ್‌ನ ‘ತುಕ್ಕು ಸಲಿಕೆ’ ಎಂಬ, ಕಿವಿ ಒಡೆಯುವಷ್ಟು ಜೋರಾಗಿ, ಓಡುವ ವೇಗದಲ್ಲಿ ನುಡಿಸುವ ಮೆಟಲ್ ಸಂಗೀತ ತಂಡಕ್ಕೆ ಡ್ರಮ್ ಬಾರಿಸುತ್ತಿದ್ದವಳು. ಶಾಲಾ ಬಸ್ಸಿನ ಡ್ರೈವರ್ ನಾರ್ಬರ್ಟ್ ಒಂದು ಕಾರ್ಯಕ್ರಮವನ್ನೂ ತಪ್ಪಿಸದೆ ಮುಂದಿನ ಸಾಲಿನಲ್ಲಿ ನಿಂತು, ತಲೆಯಾಡಿಸಿ ತಲೆಯಾಡಿಸಿಯೇ ಅವಳ ಮನಸ್ಸು ಗೆದ್ದವನು. (ಆ ತಲೆಯಾಡಿಸುವಿಕೆ ಮದುವೆಯ ನಂತರವೂ ನಿಂತಿಲ್ಲ.)

ಬೆಳ್ಳಿಹಬ್ಬಕ್ಕೆ ಹಳೆಯ ತಂಡ ಬಡಾವಣೆಯ ಸಭಾಂಗಣದಲ್ಲಿ ಒಂದೇ ಒಂದು ಹಾಡು ನುಡಿಸುವುದೆಂದು ನಿಶ್ಚಯವಾಯಿತು. ಆರು ವಾರವಿದೆ ಎನ್ನುವಾಗ ಬೇಸ್ ಗಿಟಾರಿನ ರಾನ್ ಬಾಗಿಲ ಮುಂದಿನ ಹಿಮ ತೋಡಲು ಹೋಗಿ ಸೊಂಟ ಹಿಡಿಸಿಕೊಂಡ.

“ನಾನಿಲ್ವೇನೇ? ನಾನು ನುಡಿಸ್ತೀನಿ,” ಎಂದ ನಾರ್ಬರ್ಟ್.

“ನೀನಾ? ಬಸ್ಸಿನ ಹಾರ್ನ್ ಬಿಟ್ಟು ಬೇರೆ ಏನಾದ್ರೂ ನುಡಿಸಿದ್ದೀಯಾ?”

“ನಿನ್ನ ಹಾಡು ನನ್ನ ರಕ್ತದಲ್ಲೇ ಇದೆ ಕಣೇ!”

ಡಾರ್ಲೀನಳ ಕಣ್ಣು ಒದ್ದೆಯಾಯಿತು. ಅಲ್ಲಿಗೆ ಅವನು ಸಿಕ್ಕಿಹಾಕಿಕೊಂಡ.

ರಾನ್ ಮಲಗಿದಲ್ಲಿಂದಲೇ ಗಿಟಾರನ್ನೂ ಹಾಡು ನುಡಿಸುವ ಕ್ರಮ ಬರೆದ ಎರಡು ಪುಟದ ‘ಟ್ಯಾಬ್’ ಕಾಗದವನ್ನೂ ಕೊಟ್ಟ. ನಾಲ್ಕು ಗೆರೆ ಎಂದರೆ ನಾಲ್ಕು ತಂತಿ. ಗೆರೆಯ ಮೇಲಿನ ಅಂಕಿ ಎಂದರೆ ಬೆರಳು ಒತ್ತುವ ಜಾಗ.

“ಎಲ್ಲಿ ಒತ್ತೋದು ಅಂತ ಬರೆದಿದ್ದೀನಿ. ಎಷ್ಟು ಹೊತ್ತು ಅಂತ ಬರೆದಿಲ್ಲ. ಹಾಡು ಗೊತ್ತಲ್ಲ ನಿಂಗೆ?”

“ಗೊತ್ತಿಲ್ದೆ ಏನು!”

ಗೊತ್ತಿರಲಿಲ್ಲ. ಆ ಮುಂದಿನ ಸಾಲಿನಲ್ಲಿ ಅವನು ಒಂದು ದಿನವೂ ಕಿವಿಗೆ ಹತ್ತಿ ತುರುಕದೆ ನಿಂತವನಲ್ಲ. ಹಾಡಿನ ಕ್ಯಾಸೆಟ್ಟು ಎಂದೋ ಕಳೆದುಹೋಗಿತ್ತು. ಹೆಂಡತಿಯನ್ನು ಕೇಳಿದರೆ ಕಾಲು ಶತಮಾನದ ಗುಟ್ಟು ಬಯಲಾಗುತ್ತಿತ್ತು. ತಂಡ ಅಭ್ಯಾಸಕ್ಕೆ ಕರೆದಾಗಲೆಲ್ಲ ಅವನಿಗೆ ತಪ್ಪದೆ ಬಸ್ಸಿನ ಕೆಲಸ ಒದಗಿಬರುತ್ತಿತ್ತು.

ಡಾರ್ಲೀನ್ ಕೆಲಸಕ್ಕೆ ಹೋದ ಹಗಲುಗಳಲ್ಲಿ ಬಟ್ಟೆ ಒಗೆಯುವ ಯಂತ್ರದ ಪಕ್ಕ, ನೆಲಮಾಳಿಗೆಯಲ್ಲಿ, ಅವನ ಘೋರ ತಪಸ್ಸು ನಡೆಯಿತು. ಅಂಕಿಗಳು ಅವನಿಗೆ ಬಸ್ ನಿಲ್ದಾಣಗಳಂತೆ ಕಂಡವು. ಪ್ರತಿಯೊಂದರಲ್ಲೂ ಗಾಡಿ ನಿಲ್ಲಿಸಿ, ಮಕ್ಕಳೆಲ್ಲ ಹತ್ತಿದರೆಂದು ಖಾತ್ರಿ ಮಾಡಿಕೊಂಡು, ನಿಧಾನವಾಗಿ ಮುಂದಿನದಕ್ಕೆ ಹೋಗುತ್ತಿದ್ದ. ಒಂದು ಅಂಕಿಯೂ ತಪ್ಪಲಿಲ್ಲ.

ಮೇಲಿನಿಂದ ಅತ್ತೆ ಓಲ್ಗಾ ಕೂಗಿದರು: “ಅಳಿಯಂದ್ರೇ, ಚರ್ಚಿನ ಹಾಡು ಎಷ್ಟು ಚೆನ್ನಾಗಿ ನುಡಿಸ್ತೀರಿ!”

ಅವನು ಅದನ್ನು ಹೊಗಳಿಕೆಯೆಂದೇ ತೆಗೆದುಕೊಂಡ.

ಆ ದಿನ ಬಂತು. ಕಪ್ಪು ಅಂಗಿ ತೊಟ್ಟು, ಹಳೆಯ ಅಭ್ಯಾಸದಂತೆ ಕಿವಿಗೆ ಹತ್ತಿ ಇಟ್ಟು, ನಾರ್ಬರ್ಟ್ ವೇದಿಕೆ ಹತ್ತಿದ. ಡಾರ್ಲೀನ್ ಕೋಲು ಎತ್ತಿದಳು. ಅವನು ಕಾಗದದಿಂದ ಕಣ್ಣು ಕೀಳದೆ ನುಡಿಸಿದ. ಮೊದಲ ಪುಟ ಮುಗಿದಾಗ ಓರೆಗಣ್ಣಿನಲ್ಲಿ ನೋಡಿದರೆ ಇನ್ನೂರು ಜನ ಬಾಯಿ ತೆರೆದು ಅಲುಗಾಡದೆ ಕುಳಿತಿದ್ದಾರೆ! ಉಬ್ಬಿಹೋಗಿ ಎರಡನೇ ಪುಟ ತಿರುವಿದ.

ಉಳಿದವರ ಹಾಡು ಮುಗಿದು ಆಗಲೇ ನಾಲ್ಕು ನಿಮಿಷವಾಗಿತ್ತು.

ಡಾರ್ಲೀನ್ ಹತ್ತಿರ ಬಂದು, ಎಲ್ಲರೆದುರೇ, ಅವನ ಕಿವಿಯಿಂದ ಒಂದು ಉಂಡೆ ಹತ್ತಿ ಎಳೆದು ಹಿಡಿದಳು.

“ಇದು ಎಷ್ಟು ದಿನದಿಂದ?”

“ಮೊದಲ್ನೇ ದಿನದಿಂದ,” ಎಂದು ಅವನು ತೊದಲಿದ. “ನಾನು ಬರ್ತಿದ್ದದ್ದು ಕೇಳೋಕಲ್ಲ ಕಣೇ. ನಿನ್ನ ನೋಡೋಕೆ.”

ಬೈಯಲೆಂದು ತೆರೆದ ಬಾಯಿ ನಗುವಿಗೆ ಸೋತಿತು. ಅವಳು ಇನ್ನೊಂದು ಕಿವಿಯ ಹತ್ತಿಯನ್ನೂ ಕಿತ್ತು, ಡ್ರಮ್ಮಿನ ಪಕ್ಕದಲ್ಲೇ ಕುರ್ಚಿ ಹಾಕಿ ಅವನನ್ನು ಕೂರಿಸಿದಳು. “ಇವತ್ತು ಕೇಳ್ತೀಯ. ಪೂರ್ತಿ.”

ಅಷ್ಟರಲ್ಲಿ ಮುಂದಿನ ಸಾಲಿನಿಂದ ಅತ್ತೆ ಓಲ್ಗಾ ಕೈ ಚಾಚಿದರು.

“ಅಳಿಯಂದ್ರೇ, ಆ ಹತ್ತಿ ಇತ್ಲಾಗೆ ಕೊಡಿಸಿ. ನನ್ನದು ಹಳೇದಾಗಿ ಸವೆದುಹೋಗಿದೆ.”