ಒಂದು ಗುಲಾಬಿ ಕಡಿಮೆ

ಲುಡೋಮಿರನಿಗೆ ಒಳ್ಳೆಯ ಮೀಸೆ ಇತ್ತು. ಅಷ್ಟಕ್ಕೇ ಹಿಯರೊನಿಮ್‌ನ ಹೊಟ್ಟೆ ಉರಿಯುತ್ತಿರಲಿಲ್ಲ. ಆ ಮೀಸೆ ಪತ್ರಿಕೆಯಲ್ಲಿ ಬರುತ್ತದೆ ಎಂದು ಗೊತ್ತಾದಾಗ ಉರಿಯಿತು.

ಕ್ರಾಕೋವಿನ ದೊಡ್ಡ ಚೌಕದಲ್ಲಿ, ಕವಿಯ ಪ್ರತಿಮೆಯ ಪಕ್ಕದಲ್ಲಿ ಕೊಡೆ ಬಿಚ್ಚಿ ಹೂ ಮಾರುವವರ ಸಾಲಿದೆ. ಕ್ರಿಸ್ಮಸ್ಸಿನ ಹಿಂದಿನ ದಿನ ಕವಿಯ ಹೆಸರಿನ ಹಬ್ಬ, ಅಂದರೆ ಆ ಹೆಸರಿನವರೆಲ್ಲ ಹುಟ್ಟುಹಬ್ಬದಂತೆ ಆಚರಿಸುವ ದಿನ. ಅವತ್ತು ಮಧ್ಯಾಹ್ನ ಇಗರ್ಜಿಯ ಗೋಪುರದಲ್ಲಿ ಕಹಳೆ ಊದುವಾಗ, ಹೂವಿನವರಲ್ಲಿ ಒಬ್ಬರು ಎಲ್ಲರ ಪರವಾಗಿ ಗೊಂಚಲು ಹಿಡಿದು ಪ್ರತಿಮೆಯ ಮೆಟ್ಟಿಲು ಹತ್ತುತ್ತಾರೆ; ಆ ಫೋಟೋ ಪತ್ರಿಕೆಯಲ್ಲಿ ಬರುತ್ತದೆ. ಯಾರು ಹತ್ತಬೇಕೆಂದು ಹೇಳುವವಳು ಸಾಲಿನ ಹಿರಿಯಳು, ಕುನೆಗುಂದಾ ಅಜ್ಜಿ. ಹಿಯರೊನಿಮ್ ತಾಯಿಯ ಕಾಲದಿಂದ ಅಲ್ಲೇ ಹೂ ಮಾರುತ್ತಿದ್ದ. ತನ್ನ ಹೆಸರು ಬಂದೀತೆಂದು ಪ್ರತಿ ವರ್ಷವೂ ಕ್ಷೌರ ಮಾಡಿಸಿಕೊಂಡು ಬಂದು ಅಜ್ಜಿಯ ಕಣ್ಣೆದುರು ನಿಲ್ಲುತ್ತಿದ್ದ. ಈ ಸಲ ಅಜ್ಜಿ ಲುಡೋಮಿರನ ಹೆಸರು ಹೇಳಿಬಿಟ್ಟಳು. ಅವನು ಅಲ್ಲಿ ಕೊಡೆ ಹಾಕಿದ್ದೇ ಹೋದ ವಸಂತದಲ್ಲಿ!

"ಅವನೇ ಯಾಕಜ್ಜಿ?" ಎಂದ ಹಿಯರೊನಿಮ್.

"ನಗುನಗುತ್ತಾ ಇರ್ತಾನೆ ಕಣೋ. ನೀನು ನಿಂತರೆ ಫೋಟೋದಲ್ಲಿ ಹಬ್ಬ ಕಾಣಲ್ಲ, ಹಲ್ಲುನೋವು ಕಾಣುತ್ತೆ."

ಸಾಲೆಲ್ಲ ನಕ್ಕಿತು. ಅವನ ಹೆಂಡತಿ ಬಾಲ್ಬಿನಾ ಕೂಡ ಲುಡೋಮಿರನ ಕಡೆ ನೋಡಿ, "ಆ ಮೀಸೆಗೆ ಫೋಟೋ ಚೆನ್ನಾಗೇ ಬರುತ್ತೆ ಬಿಡಿ," ಎಂದಳು.

ಬೇರೆ ದಿನವಾಗಿದ್ದರೆ ಹಿಯರೊನಿಮ್ ಬಕೆಟ್ಟುಗಳನ್ನು ಒದೆಯುತ್ತಿದ್ದ. ಆದರೆ ಈ ದಿನ ಜಗಳವಾಡಿದವನಿಗೆ ವರ್ಷವಿಡೀ ಜಗಳವೇ ಗತಿ ಎಂದು ಊರಿಗೆ ಊರೇ ನಂಬುತ್ತದೆ. ಸಾಲದ್ದಕ್ಕೆ ಸಂಜೆ ಮೊದಲ ನಕ್ಷತ್ರ ಕಾಣುವವರೆಗೆ ಉಪವಾಸ. ಖಾಲಿ ಹೊಟ್ಟೆ, ಅದರಲ್ಲಿ ಬೆಂಕಿ, ಮೇಲೆ ಮುಗುಳ್ನಗೆ. ಮುಚ್ಚಳ ಬಿಗಿದ ಪಾತ್ರೆಯಲ್ಲಿ ಹಾಲು ಉಕ್ಕುವ ಹಾಗೆ ಅವನು ಒಳಗೊಳಗೇ ಕುದಿದ.

ಲುಡೋಮಿರ ಕೆಂಪು ಗುಲಾಬಿಗಳ ಗೊಂಚಲು ಕಟ್ಟಿ, ಬಕೆಟ್ಟಿನಲ್ಲಿ ನಿಲ್ಲಿಸಿ, ಅಜ್ಜಿಗೆ ಚಹಾ ತರಲು ಹೋದ. ಹಿಯರೊನಿಮ್ ಅತ್ತಿತ್ತ ನೋಡಿದ. ಪಾರಿವಾಳಗಳನ್ನು ಬಿಟ್ಟರೆ ಯಾರೂ ನೋಡುತ್ತಿರಲಿಲ್ಲ. ಗೊಂಚಲಿನಿಂದ ಒಂದು ಗುಲಾಬಿ ಎಳೆದು ಕೋಟಿನೊಳಗೆ ತುರುಕಿಕೊಂಡ.

ಒಂದೇ ಒಂದು ಹೂ! ಆದರೆ ಅಲ್ಲಿ ಅದು ಸಣ್ಣ ಮಾತಲ್ಲ. ಬದುಕಿದ್ದವರಿಗೆ ಬೆಸ ಲೆಕ್ಕದ ಹೂ, ಹೆಣಕ್ಕೆ ಸರಿ ಲೆಕ್ಕದ್ದು. ಕವಿ ಸತ್ತು ಎಷ್ಟೋ ಕಾಲವಾಗಿದ್ದರೂ ಹೆಸರಿನ ಹಬ್ಬದ ದಿನ ಅವನು ಬದುಕಿದ್ದಾನೆಂದೇ ಲೆಕ್ಕ. ಗೊಂಚಲು ಇಡುವ ಮೊದಲು ಅಜ್ಜಿ ಒಂದೊಂದೇ ಹೂ ಮುಟ್ಟಿ ಎಲ್ಲರಿಗೂ ಕೇಳುವಂತೆ ಎಣಿಸುತ್ತಾಳೆ. ಎಣಿಸಲಿ, ಮೀಸೆ ಜೋತುಬೀಳಲಿ ಎಂದುಕೊಂಡ ಹಿಯರೊನಿಮ್.

ಮೂಲೆಯ ನಲ್ಲಿಯಿಂದ ನೀರು ಹಿಡಿದು ಬರುವಷ್ಟರಲ್ಲಿ ಇನ್ನೊಂದು ನೋಟ ಕಾದಿತ್ತು. ಬಾಲ್ಬಿನಾ ಲುಡೋಮಿರನ ಬಕೆಟ್ಟಿನ ಮೇಲೆ ಬಗ್ಗಿ ಗೊಂಚಲಿಗೆ ಕೈ ಹಾಕಿದ್ದಳು.

"ಅಲ್ಲೇನು ಮಾಡ್ತಿದೀಯ?"

ಬಾಲ್ಬಿನಾ ಬೆಚ್ಚಿದಳು. "ಏನಿಲ್ಲ ಕಣ್ರೀ. ದಾರ ಸಡಿಲವಾಗಿತ್ತು."

ನನ್ನ ಕೋಟಿನ ಗುಂಡಿ ಕಿತ್ತುಹೋಗಿ ತಿಂಗಳಾಯಿತು, ಅದು ಕಾಣಲಿಲ್ಲ. ಅವನ ದಾರ ಸಡಿಲವಾದದ್ದು ಕಂಡಿತು! ಹಿಯರೊನಿಮ್ ಹಲ್ಲು ಕಚ್ಚಿದ. ಕೋಟಿನೊಳಗಿನ ಮುಳ್ಳು ಎದೆಗೆ ಚುಚ್ಚಿತು.

ಇನ್ನೇನು ಕಹಳೆಯ ಹೊತ್ತು. ಛಾಯಾಗ್ರಾಹಕರು ಬಂದರು. ಆಗ ಲುಡೋಮಿರ ಗೊಂಚಲು ಹಿಡಿದುಕೊಂಡು ನೆಟ್ಟಗೆ ಹಿಯರೊನಿಮ್‌ನ ಹತ್ತಿರವೇ ಬಂದ.

"ಅಣ್ಣಾ, ನೀವೇ ಹತ್ತಿ. ನಿಮ್ಮ ಜಾಗ ಕಿತ್ತುಕೊಂಡು ಸಂಜೆ ನನಗೆ ಊಟ ಸೇರಲ್ಲ. ಅಜ್ಜೀನೂ ಒಪ್ಪಿದಾಳೆ."

ಹಿಯರೊನಿಮ್‌ಗೆ ಮೊದಲು ಸಂತೋಷವಾಯಿತು, ಆಮೇಲೆ ಸಿಟ್ಟು ಬಂತು. ಈ ಮೀಸೆಯವನು ಒಳ್ಳೆಯತನದಲ್ಲೂ ನನಗಿಂತ ಮುಂದೆ! ಕೊನೆಗೆ ಬೆವರು ಬಂತು. ಈಗ ಎಣಿಸುವುದು ಅವನ ಕೈಯಲ್ಲಿರುವ ಗೊಂಚಲನ್ನು.

ಗೋಪುರದಲ್ಲಿ ಕಹಳೆ ಮೊಳಗಿತು. ಜನರೆಲ್ಲ ತಲೆಯೆತ್ತಿ ಅತ್ತ ನೋಡಿದರು. ಆ ಸಂದಿಯಲ್ಲಿ ಹಿಯರೊನಿಮ್ ಕೋಟಿನೊಳಗಿನ ಗುಲಾಬಿಯನ್ನು ಹೊರಗೆಳೆದು ಗೊಂಚಲಿನ ನಡುವೆ ಚುಚ್ಚಿದ. ಕಿತ್ತದ್ದು ಒಂದು, ಸೇರಿಸಿದ್ದು ಒಂದು. ಉಸಿರು ಬಿಟ್ಟು, ಎದೆಯುಬ್ಬಿಸಿ ಮೆಟ್ಟಿಲು ಹತ್ತಿದ. ಅಮ್ಮ ಇದ್ದು ನೋಡಬೇಕಿತ್ತು ಎನಿಸಿತು.

ಅಜ್ಜಿ ಎಣಿಸತೊಡಗಿದಳು. ಕೊನೆಯ ಹೂವಿಗೆ ಬಂದು ಬೆರಳು ನಿಂತಿತು. ಮತ್ತೆ ಮೊದಲಿನಿಂದ ಎಣಿಸಿದಳು.

"ಸರಿ ಲೆಕ್ಕ," ಎಂದಳು. "ಹೆಸರಿನ ಹಬ್ಬಕ್ಕೆ ಹೆಣದ ಹೂ ತಂದಿದೀಯೇನೋ ಮುಠ್ಠಾಳ!"

"ಸಾಧ್ಯವೇ ಇಲ್ಲ!" ಹಿಯರೊನಿಮ್ ಕೂಗಿದ. "ಕಿತ್ತದ್ದನ್ನ ನಾನೇ ವಾಪಸು ಚುಚ್ಚಿದೀನಿ!"

ಅಜ್ಜಿ ಹೂವಿನಿಂದ ಕಣ್ಣೆತ್ತಿ ಅವನ ಮುಖ ನೋಡಿದಳು.

"ಕಿತ್ತದ್ದನ್ನ?" ಎಂದಳು ಅಜ್ಜಿ.

ಆಮೇಲೆ ಎದ್ದ ನಗೆಗೆ ಪಾರಿವಾಳಗಳೆಲ್ಲ ಹಾರಿಹೋದವು. ಛಾಯಾಗ್ರಾಹಕರು ಪಟಪಟನೆ ಫೋಟೋ ತೆಗೆದರು. ಕಡೆಗೆ ಲುಡೋಮಿರನೇ ಓಡಿಬಂದು ಒಂದು ಗುಲಾಬಿ ಸೇರಿಸಿ, ಗೊಂಚಲನ್ನು ಕವಿಯ ಕಾಲ ಬಳಿ ಇಟ್ಟ. ಅದರದ್ದೂ ಫೋಟೋ ಬಂತು, ಮೀಸೆಯ ಸಮೇತ.

ಸಂಜೆ ಮೊದಲ ನಕ್ಷತ್ರ ಕಂಡಿತು. ಮೇಜಿನ ಮೇಲೆ ಮೀನು, ಬೀಟ್‌ರೂಟಿನ ಸಾರು. ಎರಡು ತಟ್ಟೆಗಳ ಜೊತೆ ಮೂರನೆಯದು ಖಾಲಿ. ಆ ಸಂಜೆ ಯಾರೇ ಬಾಗಿಲು ತಟ್ಟಿದರೂ ಕೂರಿಸಿ ಬಡಿಸಬೇಕು, ಅದಕ್ಕಾಗಿ ಆ ತಟ್ಟೆ.

"ಎಲ್ಲೋ ಲೆಕ್ಕ ತಪ್ಪಿದೆ," ಹಿಯರೊನಿಮ್ ಗೊಣಗಿದ. "ನಾನು ಒಂದೇ ಕಿತ್ತದ್ದು."

ಬಾಲ್ಬಿನಾ ಎದ್ದಳು. ತನ್ನ ಬುಟ್ಟಿಯ ತಳದಿಂದ ಬಾಡಿದ ಕೆಂಪು ಗುಲಾಬಿಯೊಂದನ್ನು ತೆಗೆದು, ಲೋಟದ ನೀರಲ್ಲಿಟ್ಟು, ಜಾಗ ಸಿಗದೆ ಖಾಲಿ ತಟ್ಟೆಯ ಮುಂದೆ ಇರಿಸಿದಳು.

"ನಾನೂ ಒಂದು ಕಿತ್ತಿದ್ದೆ ಕಣ್ರೀ. ನಿಮ್ಮನ್ನ ಬಿಟ್ಟು ಅವನನ್ನ ಹತ್ತಿಸ್ತಾರಲ್ಲ ಅಂತ ಹೊಟ್ಟೆ ಉರೀತು."

ಹಿಯರೊನಿಮ್‌ಗೆ ಈಗ ಲೆಕ್ಕ ಸಿಕ್ಕಿತು. ಇಡೀ ದಿನದಲ್ಲಿ ಮೊದಲ ಸಲ ನಿಜವಾಗಿ ನಕ್ಕ. ಹೆಂಡತಿಯ ಕೈ ಹಿಡಿದ.

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಹೊರಗೆ ಲುಡೋಮಿರ, ಮೀಸೆಯ ಮೇಲೆ ಹಿಮ.

"ಊರಲ್ಲಿ ನನಗೆ ಯಾರೂ ಇಲ್ಲ, ಅಣ್ಣಾ. ನಿಮಗೆ ಬೇಜಾರಾಗಿದೆಯೇನೋ ಅಂತ..." ಎನ್ನುತ್ತ ಒಳಗೆ ಕಾಲಿಟ್ಟವನ ಕಣ್ಣು ಮೇಜಿನ ಮೇಲೆ ಬಿತ್ತು. ಮುಖ ಅರಳಿತು.

"ಅಯ್ಯೋ ಅತ್ತಿಗೇ, ನಾನು ಬರ್ತೀನಿ ಅಂತ ಹೂವೂ ಇಟ್ಟಿದೀರಾ!"

"ಕೂತ್ಕೋಪ್ಪಾ," ಎಂದ ಹಿಯರೊನಿಮ್, ಹಲ್ಲುನೋವು ಬಂದವನ ಹಾಗೆ ನಗುತ್ತ.