ನಾರ್ಮಂಡಿಯ ಆಯುಧಪೂಜೆ

ಮುರಳೀಧರನ ಬಾಯಲ್ಲಿ ‘ಇಲ್ಲ’ ಎಂಬ ಮಾತು ಹೊರಡುತ್ತಿರಲಿಲ್ಲ. ಮನಸ್ಸು ಬೇಡ ಬೇಡ ಎಂದು ಬಡಿದುಕೊಳ್ಳುತ್ತಿರುವಾಗಲೇ ನಾಲಿಗೆ ‘ನೋ ಪ್ರಾಬ್ಲಂ’ ಎಂದು ಹೇಳಿ ಮುಗಿಸಿರುತ್ತಿತ್ತು. ಅಮೆರಿಕದ ಜರ್ಮನ್‌ಟೌನಿನ ಅವನ ಪುಟ್ಟ ಅಪಾರ್ಟ್‌ಮೆಂಟಿಗೆ ಎರಡನೆಯ ಮಹಾಯುದ್ಧ ಬಂದಿಳಿದದ್ದೂ ಹೀಗೆಯೇ.

ತಂದವನು ಅವನ ಬಾಸ್ ವಾಲ್ಟ್. ಈ ವಾಲ್ಟನಿಗೆ ಮಹಾಯುದ್ಧದ ಹುಚ್ಚು. ಮೀಟಿಂಗಿನಲ್ಲಿ ಸ್ಟೇಪ್ಲರುಗಳನ್ನು ಜೋಡಿಸಿ ಮಿಡ್‌ವೇ ಕದನ ತೋರಿಸುವನು, ಕಾಫಿ ಮಗ್ಗುಗಳಿಂದ ಸ್ಟಾಲಿನ್‌ಗ್ರಾಡಿಗೆ ಮುತ್ತಿಗೆ ಹಾಕುವನು. ಅಂಥವನು ವರ್ಷಗಟ್ಟಲೆ ಕೂತು, ಅಮೆರಿಕದ ಸೈನ್ಯ ಜರ್ಮನರ ಗುಂಡಿಗೆದುರಾಗಿ ಬಂದಿಳಿದ ನಾರ್ಮಂಡಿಯ ಕಡಲದಂಡೆಯ ಮಾದರಿ ಮಾಡಿದ್ದ. ಬೆರಳುದ್ದದ ಸೈನಿಕರು, ದೋಣಿಗಳು, ಟ್ಯಾಂಕುಗಳು, ದಿಬ್ಬದ ಮೇಲೆ ಜರ್ಮನರ ಬಂಕರು. ಆ ಕದನಕ್ಕೆ ಐವತ್ತು ವರ್ಷವಾದ ನೆನಪಿಗೆ ಜರ್ಮನ್‌ಟೌನಿನಲ್ಲಿ ಭಾನುವಾರ ಪ್ರದರ್ಶನ. ತನ್ನ ಮನೆಯಿರುವ ಫೇರ್‌ಫ್ಯಾಕ್ಸಿನಿಂದ ಅದೇ ದಿನ ತಂದರೆ ಬೆಲ್ಟ್‌ವೇ ಟ್ರಾಫಿಕ್ಕಿನಲ್ಲಿ ತಡವಾದೀತೆಂದು ಶನಿವಾರ ಬೆಳಿಗ್ಗೆಯೇ ಹೊತ್ತು ತಂದ.

“ಒಂದು ರಾತ್ರಿ ಇಟ್ಟುಕೋ, ಮರ್ಲಿ. ಇದು ಕ್ಷೇಮವಾಗಿ ಹಾಲ್ ಸೇರಿದರೆ ಡಿಸೆಂಬರ್ ರಜೆ ನಿನ್ನದು.”

“ನೋ ಪ್ರಾಬ್ಲಂ,” ಎಂದಿತು ನಾಲಿಗೆ.

ಆ ರಜೆಗಾಗಿ ಮುರಳೀಧರ ಜೀವ ಹಿಡಿದುಕೊಂಡಿದ್ದ. ಮೈಸೂರಿನಲ್ಲಿ ತಂಗಿಯ ಮದುವೆ. ಧನುರ್ಮಾಸ ಕಾಲಿಟ್ಟರೆ ಶುಭಕಾರ್ಯವಿಲ್ಲವೆಂದು ಅದಕ್ಕೆ ಮುಂಚೆ, ಡಿಸೆಂಬರ್ ಹನ್ನೊಂದಕ್ಕೇ ಮುಹೂರ್ತ. ಲಾಜಾಹೋಮದಲ್ಲಿ ಅವಳ ಬೊಗಸೆಗೆ ಅರಳು ಸುರಿಯಬೇಕಾದವನು ಅಣ್ಣ, ಇರುವವನು ಇವನೊಬ್ಬನೇ. ಇಷ್ಟನ್ನೂ ವಾಲ್ಟನಿಗೆ ಬಿಡಿಸಿ ಹೇಳಲು ಸಂಕೋಚಪಟ್ಟು ಬರೀ ‘ಎರಡು ವಾರ ವೆಕೇಶನ್’ ಎಂದು ಕೇಳಿದ್ದ.

ಅಮೆರಿಕದಲ್ಲಿ ಹಬ್ಬಗಳೆಲ್ಲ ಶನಿವಾರವೇ ಬರುತ್ತವಾದ್ದರಿಂದ ಅವತ್ತು ಹೆಂಡತಿ ಊರ್ಮಿಳಾಳ ಗೊಂಬೆ ಆರತಿಯೂ ಇತ್ತು, ಆಯುಧಪೂಜೆಯೂ ಇತ್ತು. ಮುರಳೀಧರ ನಾರ್ಮಂಡಿಯನ್ನು ಊಟದ ಮೇಜಿನ ಮೇಲಿಟ್ಟು ಬೆಡ್‌ಶೀಟ್ ಹೊದಿಸಿದ.

“ಇದನ್ನ ಯಾರೂ ಮುಟ್ಟಬಾರದು ಕಣೇ.”

“ನನಗೆ ಬೇರೆ ಕೆಲಸ ಇಲ್ವಾ? ಮೊದಲು ಹೋಗಿ ಕುಂಬಳಕಾಯಿ ತನ್ನಿ.”

ಹ್ಯಾಲೊವೀನ್ ತಿಂಗಳು, ಕುಂಬಳಕಾಯಿಗೇನೂ ಬರವಿರಲಿಲ್ಲ. ದಾರಿಗೆ ಮಾತ್ರ ಬರ. ಅವನು ಹೈವೇಯಲ್ಲಿ ಸಿಕ್ಕಿಕೊಂಡು ತಿರುಗಿ ಬರುವಷ್ಟರಲ್ಲಿ ಮನೆ ತುಂಬ ಹೆಂಗಸರು. ಬೆಡ್‌ಶೀಟ್ ಸೋಫಾದ ಮೇಲೆ ಮಡಿಚಿ ಕೂತಿತ್ತು.

“ಏನು ಮುರಳಿ, ಇಷ್ಟು ಚೆಂದದ ಗೊಂಬೆಗಳನ್ನ ಮುಚ್ಚಿಡ್ತಾರಾ?” ಎಂದರು ಮೇಲಿನ ಮನೆಯ ಕಾತ್ಯಾಯಿನಿ ಆಂಟಿ. “ನಾನೇ ಸ್ವಲ್ಪ ಅರೇಂಜ್ ಮಾಡಿದೆ.”

ಮುರಳೀಧರ ನೋಡಿದ. ಜರ್ಮನರ ಬಂಕರಿನ ಮೇಲೆ ಪಟ್ಟದ ಗೊಂಬೆಗಳು, ರಾಜ-ರಾಣಿ, ಒಡ್ಡೋಲಗ ಕೊಡುತ್ತಿದ್ದರು. ಕಡಲದಂಡೆಯಲ್ಲಿ, ಗುಂಡಿನ ಮಳೆಯ ನಡುವೆ, ಬೊಜ್ಜುಹೊಟ್ಟೆಯ ಶೆಟ್ಟರು ಅಕ್ಕಿ ಬೇಳೆ ಹರಡಿಕೊಂಡು ಅಂಗಡಿ ತೆರೆದಿದ್ದರು.

“ಪಾಪ, ಅಷ್ಟು ಜನಕ್ಕೆ ಊಟ ಬೇಡ್ವಾ?” ಎಂದರು ಆಂಟಿ.

ಅದಕ್ಕೂ ಮುಂದೆ ನೋಡಿದರೆ ಇನ್ನೂ ದೊಡ್ಡ ಅನಾಹುತ. ಪಕ್ಕದ ಮನೆಯ ಡಾಕ್ಟರ್ ಗುರುಸಿದ್ದಪ್ಪನವರ ತಾಯಿ ಮಹಾದೇವಕ್ಕ, ಧಾರವಾಡದಿಂದ ಮಗನ ಮನೆಗೆ ಬಂದವರು, ಒಂದೊಂದು ಟ್ಯಾಂಕಿಗೂ ಮೂರೆಳೆ ವಿಭೂತಿ ಎಳೆದು ಚಕ್ರದ ಕೆಳಗೆ ನಿಂಬೆಹೋಳು ಇಡುತ್ತಿದ್ದರು. ಎಡಗೈಯಲ್ಲಿ ಕುಂಕುಮದ ಬಟ್ಟಲು.

“ಅಯ್ಯೋ ಅಜ್ಜಿ, ಬೇಡ!”

“ಯಾಕ ಒದರ್ತೀಯೋ ತಮ್ಮಾ? ಇಷ್ಟೊಂದು ಹತ್ಯಾರ ಮನ್ಯಾಗ ಇಟ್ಕೊಂಡು ಖಂಡೇಪೂಜಿ ಮಾಡ್ಲಿಲ್ಲಂದ್ರ ಹ್ಯಾಂಗ?”

ಮುರಳೀಧರ ಹಾರಿ ಬಟ್ಟಲಿಗೆ ಕೈ ಹಾಕಿದ. ಅದು ಅವರ ಕೈಯಲ್ಲಿದ್ದಷ್ಟು ಹೊತ್ತು ನೆಟ್ಟಗೇ ಇತ್ತು. ಇವನ ಕೈ ತಗುಲಿದ್ದೇ ಬೋರಲು ಬಿತ್ತು. ದಂಡೆ, ದೋಣಿ, ನೀಲಿ ಕಡಲು, ಎಲ್ಲದರ ಮೇಲೂ ಕುಂಕುಮ. ಗಾಬರಿಯಲ್ಲಿ ಒದ್ದೆ ಬಟ್ಟೆ ತಂದು ಒರೆಸಿದ. ನೀರು ತಾಗಿದ್ದೇ ತಡ, ಕುಂಕುಮ ಕರಗಿ ಮರಳೆಲ್ಲ ರಕ್ತಗೆಂಪಾಯಿತು. ಒರೆಸಿದಷ್ಟೂ ಹರಡಿತು.

“ಇನ್ನು ರಜೆ ಹೋದ ಹಾಗೇ,” ಎಂದು ತಲೆಯ ಮೇಲೆ ಕೈಹೊತ್ತು ಕೂತ. ತಂಗಿ ಬೊಗಸೆಯೊಡ್ಡಿ ನಿಂತಿರುವುದೂ, ಅರಳು ಸುರಿಯಲು ಯಾರೋ ದೂರದ ಸಂಬಂಧಿ ಮುಂದೆ ಬರುವುದೂ ಕಣ್ಣಿಗೆ ಕಟ್ಟಿತು.

ಅಷ್ಟರಲ್ಲಿ ಕರೆಗಂಟೆ ಸದ್ದಾಯಿತು. ವಾಲ್ಟ್! ಯಾವುದೋ ಸೈನಿಕನ ಹೆಲ್ಮೆಟ್ಟಿಗೆ ಬಣ್ಣ ಹಚ್ಚುವುದು ಉಳಿದಿತ್ತಂತೆ. ಮುರಳೀಧರ ಅಡ್ಡ ನಿಂತ, ಕಾಫಿ ಕುಡಿಯೋಣ ಎಂದ. ವಾಲ್ಟ್ ಅವನ ಹೆಗಲ ಮೇಲಿಂದಲೇ ಮೇಜನ್ನು ನೋಡಿಬಿಟ್ಟ.

ವಾಲ್ಟ್ ಮೇಜಿನ ಬಳಿ ಬಗ್ಗಿ ಕೆಂಪು ಮರಳನ್ನು ಬೆರಳಿನಿಂದ ಮುಟ್ಟಿದ.

“ಇದನ್ನು ಮಾಡಿದ್ದು ಯಾರು? ಯಾಕೆ?”

ಮಹಾದೇವಕ್ಕನಿಗೆ ಇಂಗ್ಲಿಷ್ ಬಾರದಿದ್ದರೂ ಪ್ರಶ್ನೆ ತಿಳಿಯಿತು. “ಹತ್ಯಾರ ಹಿಡದ ಹುಡುಗೂರು ಸುಖರೂಪ ತಮ್ಮವ್ವನ ಕಡೆ ತಿರುಗಿ ಬರ್ಲಿ ಅಂತ ಹಚ್ಚೇನಿ. ಅಂವಗ ಹಂಗಂತ ಹೇಳು.”

ಮುರಳೀಧರ ತೊದಲುತ್ತ ಹೇಳಿದ. ವಾಲ್ಟ್ ಕುರ್ಚಿ ಎಳೆದುಕೊಂಡು ಕೂತ. ಕಣ್ಣು ಒದ್ದೆಯಾಗಿತ್ತು.

“ನಮ್ಮಣ್ಣ ಫ್ರ್ಯಾಂಕ್ ಈ ದಂಡೆಗೇ ಇಳಿದ. ತಿರುಗಿ ಬರಲಿಲ್ಲ. ಇಷ್ಟು ವರ್ಷ ಈ ಮರಳಿಗೆ ಬಣ್ಣ ಹಚ್ಚಿದೆ ಮರ್ಲಿ, ಕೆಂಪು ಹಚ್ಚೋಕೆ ಮಾತ್ರ ಕೈಯೇ ಬರಲಿಲ್ಲ. ಒರೆಸಬೇಡ, ಇದು ಹೀಗೇ ಇರಲಿ.” ಆಮೇಲೆ ಶೆಟ್ಟರನ್ನು ಕಂಡು ಕಣ್ಣೊರೆಸಿಕೊಂಡ. “ಇವನು ಯಾರು? ದಿನಸಿ ಸರಬರಾಜಾ? ಇವನೂ ಇರಲಿ. ಅನ್ನವಿಲ್ಲದೆ ಯಾವ ಯುದ್ಧ ಗೆದ್ದಾರು?”

ಮಹಾದೇವಕ್ಕ ಅವನ ಕೈಗೂ ಒಂದು ದೊನ್ನೆ ಉಸಲಿ ಕೊಟ್ಟರು. ಮುರಳೀಧರನಿಗೆ ಹೋದ ಜೀವ ಬಂತು. ಸಮಯ ನೋಡಿ, “ವಾಲ್ಟ್, ಆ ಡಿಸೆಂಬರ್ ರಜೆ…” ಎಂದ.

“ಅಲ್ಲಿಗೇ ಬರ್ತಿದ್ದೆ!” ವಾಲ್ಟ್ ಎದ್ದು ಅವನ ಎರಡೂ ಭುಜ ಹಿಡಿದ. “ಡಿಸೆಂಬರ್ ಹದಿನಾರಕ್ಕೆ ಬಲ್ಜ್ ಕದನಕ್ಕೂ ಐವತ್ತು ವರ್ಷ. ಹಿಟ್ಲರನ ಕೊನೆಯ ದೊಡ್ಡ ದಾಳಿ! ಅದರ ಮಾದರಿಯನ್ನು ನಾವಿಬ್ಬರೂ ಸೇರಿ ಮಾಡೋಣ. ಈ ಅಮ್ಮನೇ ಕೆಂಪು ಹಚ್ಚಬೇಕು. ನೀನಿಲ್ಲದೆ ಆಗೋದಿಲ್ಲ. ಅದು ಮುಗಿದ ಮಾರನೇ ದಿನದಿಂದ ಎರಡು ವಾರವಲ್ಲ, ಇಡೀ ಒಂದು ತಿಂಗಳು ರಜೆ ತಗೋ. ಸಂತೋಷವೇ?”

ಊರ್ಮಿಳಾ ಹಿಂದಿನಿಂದ ತಿವಿದಳು. “ಹೇಳ್ರೀ, ಮದುವೆ ಹನ್ನೊಂದಕ್ಕೆ ಅಂತ ಹೇಳ್ರೀ!”

ಮುರಳೀಧರ ಬಾಯಿ ತೆರೆದ. ಎದುರಿಗೆ ಅಣ್ಣನನ್ನು ಕಳೆದುಕೊಂಡವನ ಒದ್ದೆ ಕಣ್ಣು.

“ನೋ ಪ್ರಾಬ್ಲಂ,” ಎಂದಿತು ನಾಲಿಗೆ.

ವಾಲ್ಟ್ ಹೋದ ಮೇಲೆ ಮಹಾದೇವಕ್ಕ ಬೆರಳು ಮಡಿಚಿ ಲೆಕ್ಕ ಹಾಕಿದರು. “ಹದಿನೇಳರಿಂದ ಒಂದು ತಿಂಗಳಂದ್ರ ಬರೋಬ್ಬರಿ ಧನುರ್ಮಾಸ ಆತಲ್ಲೋ ತಮ್ಮಾ! ಇರ್ಲಿ ಬಿಡು. ತಂಗಿ ಲಗ್ನ ತಪ್ಪಿದ್ರೂ ಗುಡಿ ಹುಗ್ಗಿ ತಪ್ಪಂಗಿಲ್ಲ.”